ರುದ್ರಮುನಿಯವರು ಮನೆ ಬಿಟ್ಟದ್ದು

ರಾಣೆಬೆನ್ನೂರಿನ ಹಳೇ ಪೇಟೆಯಲ್ಲಿ ರುದ್ರಮುನಿಯವರ ಮನೆ ಯಾವುದೆಂದು ಕೇಳಿದರೆ ಜನ, "ಆ ಭಾಂಡೆ ಮನಿ ಏನ್ರಿ?" ಎಂದು ತಿರುಗಿ ಕೇಳುತ್ತಿದ್ದರು. ಹಾಗೆಂದು ಅವರೇನು ಪಾತ್ರೆ ವ್ಯಾಪಾರಿಯಲ್ಲ. ಹಾವೇರಿಯ ಒಂದು ಸರಕಾರಿ ಕಚೇರಿಯಲ್ಲಿ ರಿಕಾರ್ಡ್ ಖೋಲಿಯ ಗುಮಾಸ್ತರು. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ, ಹಳೇ ಕಡತಗಳ ಧೂಳು ಕುಡಿದು, ಸಂಜೆ ಅದೇ ಬಸ್ಸಿನಲ್ಲಿ ಕೆಮ್ಮುತ್ತ ಬರುವವರು. ಆದರೆ ದೇವರು ಅವರಿಗೆ ಸಂಬಂಧಿಕರನ್ನು ಕೈಬಿಚ್ಚಿ ಕೊಟ್ಟಿದ್ದ. ಮದುವೆ, ಬಸುರಿಯ ಕುಬಸ, ತೊಟ್ಟಿಲು, ಯಾವ ಕಾರ್ಯವಾದರೂ ಸ್ಟೀಲಿನ ಪಾತ್ರೆ ಬರುತ್ತಿತ್ತು. ಪಾತ್ರೆಯ ಮೇಲೆ ಕೊಟ್ಟವರ ಹೆಸರು, ಊರು, ತಾರೀಖು ಕೊರೆದಿರುತ್ತಿತ್ತು. ಏಳು ಖೋಲಿಯ ಆ ಬಾಡಿಗೆ ಮನೆಯ ಮಾಡಗಳನ್ನು ಒಂದು ಕಡೆಯಿಂದ ಓದುತ್ತ ಹೋದರೆ ಎರಡೂ ಕಡೆಯ ವಂಶವೃಕ್ಷ ಬರೆದುಕೊಳ್ಳಬಹುದಾಗಿತ್ತು.

2008ರ ಜನವರಿಯ ಒಂದು ರವಿವಾರ. ಹೆಂಡತಿ ಪ್ರೇಮವ್ವ, ಬ್ಯಾಡಗಿಯಲ್ಲಿರುವ ತಮ್ಮ ಅಜ್ಜಪ್ಪನ ಸೊಸೆಯ ಕುಬಸಕ್ಕೆಂದು ಹತ್ತು ದಿನದ ಮಟ್ಟಿಗೆ ತವರಿಗೆ ಹೋಗಿದ್ದಳು. ಒಬ್ಬಳೇ ಮಗಳು ಮದುವೆಯಾಗಿ ಹುಬ್ಬಳ್ಳಿಯಲ್ಲಿದ್ದಳು. ಚಳಿ ಹೆಚ್ಚಾಯಿತೆಂದು ರುದ್ರಮುನಿಯವರು ಸ್ವೆಟರ್ ಹುಡುಕಲು ಸ್ಟೂಲು ಹತ್ತಿ ಅಟ್ಟಕ್ಕೆ ಕೈ ಹಾಕಿದರು. ಏನೋ ಮೆತ್ತಗಿನದು ಕೈಗೆ ಸಿಕ್ಕಿತು, ಎಳೆದರು. ಅದು ಸ್ವೆಟರ್ ಅಲ್ಲ, ಪಾತ್ರೆ ಕಟ್ಟಿಟ್ಟ ಹಳೇ ಸೀರೆ. ಹತ್ತೊಂಬತ್ತು ಟಿಫಿನ್ ಡಬ್ಬಿ, ಎಂಟು ಕೊಳಗ, ಎಣಿಸಲಾಗದಷ್ಟು ತಾಟುಗಳು ಒಮ್ಮೆಲೇ ಇಳಿದು ಬಂದವು. ಸದ್ದು ರೈಲ್ವೆ ಸ್ಟೇಷನ್ನಿನ ತನಕ ಕೇಳಿಸಿತೆಂದು ಆಮೇಲೆ ಜನ ಹೇಳಿದರು.

ಎದುರು ಮನೆಯ ಸುಲಭಾಬಾಯಿ ಓಡಿ ಬಂದಳು. ರುದ್ರಮುನಿಯವರು ಪಾತ್ರೆಗಳ ನಡುವೆ ಹಣೆ ಹಿಡಿದುಕೊಂಡು ಕೂತಿದ್ದರು.

"ಅಯ್ಯ, ಏನು ಬಿತ್ತರಿ ಮ್ಯಾಲೆ?"

"ಸಂಬಂಧಿಕ್ರು," ಎಂದರು ರುದ್ರಮುನಿಯವರು.

ಹಣೆಯ ಮೇಲೆ ನಿಂಬೆಹಣ್ಣಿನ ಗಾತ್ರದ ಬುಗುಟೆ ಎದ್ದಿತು. ಅಡಿಗೆ ಮಾಡಿಕೊಳ್ಳುವ ಮನಸ್ಸಾಗದೆ ಸಂಜೆ ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಬಂದರು. ಮಿರ್ಚಿ ತಿಂದಾದ ಮೇಲೆ ಎಣ್ಣೆ ಹೀರಿದ ಕಾಗದವನ್ನು ಓದಿದರು. ಯಾವುದೋ ಪತ್ರಿಕೆಯ ರವಿವಾರದ ಪುರವಣಿ. 'ಹಗುರಾಗಿ ಬದುಕಿ' ಎಂದು ಲೇಖನ. ಪರದೇಶದಲ್ಲಿ ಒಬ್ಬಾತ ನೂರೇ ನೂರು ವಸ್ತುಗಳನ್ನಿಟ್ಟುಕೊಂಡು ಸುಖವಾಗಿದ್ದಾನಂತೆ. ಒಂದು ವರ್ಷ ಕೈ ಮುಟ್ಟದ ವಸ್ತು ನಿಮ್ಮದಲ್ಲ, ಕೊಟ್ಟುಬಿಡಿ. ದೊಡ್ಡ ಮನೆ ಬಿಡಿ, ಸಣ್ಣ ಮನೆಗೆ ಹೋಗಿ, ಮನಸ್ಸು ಅರಳುತ್ತದೆ. 'ಆದರೆ ಇದನ್ನೆಲ್ಲ ಆರಂಭಿಸುವ ಮುನ್ನ ತಪ್ಪದೆ' ಎಂಬಲ್ಲಿಗೆ ಕಾಗದ ಹರಿದಿತ್ತು. ತಪ್ಪದೆ ಏನು ಮಾಡಬೇಕೆಂಬುದು ಬೇರೆ ಯಾರದೋ ಮಿರ್ಚಿಯ ಜೊತೆ ಹೋಗಿಬಿಟ್ಟಿತ್ತು. ದೊಡ್ಡ ದೊಡ್ಡ ತತ್ವಗಳು ಲೋಕದಲ್ಲಿ ಅರ್ಧಂಬರ್ಧ ಜಾರಿಯಾಗುವುದು ಹೀಗೆಯೇ.

ಬುಗುಟೆಯನ್ನು ಸವರಿಕೊಳ್ಳುತ್ತ ರುದ್ರಮುನಿಯವರು ಅಂದೇ ನಿಶ್ಚಯ ಮಾಡಿದರು.

ಸೋಮವಾರ ಸಂಜೆಯಿಂದ ಕೆಲಸ ಶುರುವಾಯಿತು. ಕಂಡ ಕಂಡವರನ್ನು ಕರೆದು ಪಾತ್ರೆ ಕೊಟ್ಟರು. ಟ್ರಂಕು, ಗಾದಿ, ಕುರ್ಚಿ, ಬೀರು, ಒಂದೊಂದಾಗಿ ಹೊಸ್ತಿಲು ದಾಟಿದವು. ಪ್ಯಾಂಟು ಶರ್ಟುಗಳ ರಾಶಿ ಹೋಯಿತು. ಎರಡು ಬಿಳಿ ಧೋತರ, ಎರಡು ಬಿಳಿ ಅಂಗಿ ಸಾಕೆಂದು ಉಳಿಸಿಕೊಂಡರು. ನಿಲುಗನ್ನಡಿಯೂ ಹೋಯಿತು. ಕನ್ನಡಿ ಇಲ್ಲದ ಮೇಲೆ ಗಡ್ಡ ಹೆರೆದುಕೊಳ್ಳುವುದು ಹೇಗೆ? ಅದನ್ನೂ ಬಿಟ್ಟರು. ಬುಗುಟೆ ಕಾಣದಿರಲೆಂದು ಮೂರು ಬೆರಳಿನಿಂದ ದಪ್ಪಗೆ ವಿಭೂತಿ ಬಳಿದುಕೊಂಡರು. ಬಿಳಿ ಧೋತರ, ನೆರೆತ ಗಡ್ಡ, ಹಣೆ ತುಂಬ ವಿಭೂತಿ. ತಾನು ಹೇಗೆ ಕಾಣುತ್ತೇನೆಂದು ಗೊತ್ತಾಗಲು ಅವರ ಹತ್ತಿರ ಕನ್ನಡಿ ಇರಲಿಲ್ಲ ಎಂಬುದನ್ನು ಓದುಗರು ದಯವಿಟ್ಟು ಗಮನಿಸಬೇಕು.

ಸುಲಭಾಬಾಯಿಗೆ ಡಬ್ಬಿಗಳನ್ನು ಕೊಡುವಾಗ ಅನಾಹುತದ ಬೀಜ ಬಿತ್ತು.

"ಪ್ರೇಮವ್ವಗ ಕೇಳೀರೇನ್ರಿ?" ಎಂದು ಆಕೆ ಅನುಮಾನಿಸಿದಳು.

"ಕೇಳೂದೇನೈತ್ರಿ ಬಾಯಾರ? ಮನುಷ್ಯಾ ಹಗುರ ಆಗಬೇಕು. ಇಷ್ಟ ಅಲ್ಲ, ನಾ ಈಗ ಮನೀನೂ ಬಿಡಾಂವ ಅದೀನಿ."

"ಮನೀನ ಬಿಡ್ತೀರಿ?"

"ಇಪ್ಪತ್ತಾರು ವರ್ಷ ಆತ್ರಿ, ಸಾಕು. ಎಲ್ಲಾದ್ರೂ ಒಂದು ಸಣ್ಣ ಖೋಲಿ ಸಿಕ್ರ ನೆಮ್ಮದಿಯಿಂದ ಕುಂದರ್ತೀನಿ."

ಸುಲಭಾಬಾಯಿ ಡಬ್ಬಿಗಳನ್ನು ಎದೆಗವಚಿಕೊಂಡಳು. "ಮತ್ತ ಪ್ರೇಮವ್ವನ ಗತಿ ಏನರಿ?"

"ಮೊದಲ ಸ್ವಲ್ಪ ಅಳ್ತಾಳ. ಆಮ್ಯಾಲೆ ರೂಢಿ ಆಕ್ಕೈತಿ ಬಿಡ್ರಿ."

ಬಾಡಿಗೆದಾರನೂ ಮನೆ ಬಿಡುತ್ತಾನೆ, ಬೈರಾಗಿಯೂ ಮನೆ ಬಿಡುತ್ತಾನೆ. ನಮ್ಮ ಭಾಷೆ ಇಬ್ಬರಿಗೂ ಒಂದೇ ಮಾತು ಕೊಟ್ಟು ಕೈ ತೊಳೆದುಕೊಂಡಿದೆ. ಸುಲಭಾಬಾಯಿ ಆ ಮಾತನ್ನು ಬೈರಾಗಿಯ ಕಡೆ ಹಾಕಿ ತೂಗಿದಳು. ರಾತ್ರಿಯೊಳಗೆ ಓಣಿಯೆಲ್ಲ ಸುದ್ದಿ: ರುದ್ರಮುನಿಯವರು ಸಂಸಾರ ತೊರೆಯುತ್ತಾರೆ! "ಹೆಸರ ನೋಡ್ರಿ, ರುದ್ರಮುನಿ. ಹುಟ್ಟಿದಾಗನ ಬರದಿಟ್ಟಿತ್ತು," ಎಂದು ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ತೀರ್ಪಾಯಿತು. ಮರುದಿನ ಬಸ್ ಸ್ಟ್ಯಾಂಡಿಗೆ ಹೋಗುವಾಗ ಇಬ್ಬರು ಹೆಣ್ಣುಮಕ್ಕಳು ಅವರ ಕಾಲು ಮುಟ್ಟಿದರು. ಪಾತ್ರೆ ಕೊಟ್ಟ ಉಪಕಾರಕ್ಕೆ ಇರಬೇಕೆಂದು ರುದ್ರಮುನಿಯವರು ಸಂಕೋಚದಿಂದ ನಕ್ಕರು. ಆ ನಗುವೂ ಮುನಿಗಳ ನಗುವಿನಂತೆಯೇ ಕಂಡಿತಂತೆ.

ಹಾವೇರಿಯ ಕಚೇರಿಗೆ ಸುದ್ದಿ ಅವರಿಗಿಂತ ಮೊದಲಿನ ಬಸ್ಸಿಗೇ ಹೋಗಿತ್ತು. ಕಚೇರಿಯ ಮ್ಯಾನೇಜರ್ ಋಷಿಕೇಶ ಸಾಹೇಬರು ಇಪ್ಪತ್ತು ವರ್ಷಗಳಲ್ಲಿ ಮೊದಲ ಸಲ ರಿಕಾರ್ಡ್ ಖೋಲಿಗೆ ತಾವಾಗಿ ಬಂದರು. ಕೆಮ್ಮಿದರು. ಬಾಗಿಲು ಮುಂದೆ ಮಾಡಿದರು.

"ನಿಮ್ಮ ವಿಚಾರ ಕೇಳಿದೆ. ದೊಡ್ಡ ಮಾತದು. ನಮ್ಮಂಥವರ ಕೈಲೆ ಆಗೂದಲ್ಲ."

"ಯಾರ ಕೈಲೇನೂ ಆಕ್ಕೈತ್ರಿ ಸರ್. ಮೊದಲ ಅಟ್ಟದಿಂದ ಶುರು ಮಾಡಬೇಕು."

ಸಾಹೇಬರಿಗೆ 'ಅಟ್ಟ' ಎಂಬುದು ಯೋಗಶಾಸ್ತ್ರದ ಮಾತೆನಿಸಿ ತಲೆ ಬಾಗಿಸಿದರು. ಬಳಿಕ ದನಿ ತಗ್ಗಿಸಿ, "ಮೂರು ವರ್ಷದಿಂದ ಧಾರವಾಡಕ್ಕ ವರ್ಗ ಕೇಳ್ಲಿಕ್ಕತ್ತೇನಿ. ನಿಮ್ಮ ಬಾಯಿಂದ ಒಂದು ಮಾತು ಬರಲಿ," ಎಂದರು.

ಇವರು ಸಲಹೆ ಕೇಳುತ್ತಿದ್ದಾರೆಂದು ರುದ್ರಮುನಿಯವರು ತಿಳಿದರು. "ಸಾಮಾನು ಕಮ್ಮಿ ಮಾಡ್ಕೊಂಡು ಗಂಟು ಕಟ್ಟಿ ಇಡ್ರಿ ಸರ್. ಹಗುರ ಇದ್ದವ್ರಿಗೆ ದಾರಿ ಲಗೂ ತೆರೀತೈತಿ."

ಸಾಹೇಬರು ಮನೆಗೆ ಹೋಗಿ ನಿಜವಾಗಿಯೂ ಗಂಟು ಕಟ್ಟಿದರು. ಶುಕ್ರವಾರ ವರ್ಗಾವಣೆಯ ಆದೇಶ ಬಂತು! ಅದು ಹೋದ ತಿಂಗಳೇ ಸಹಿಯಾಗಿ ಟಪಾಲಿನಲ್ಲಿ ಮಲಗಿತ್ತೆಂಬುದು ಬೇರೆ ಮಾತು. ಇನ್ನು ರುದ್ರಮುನಿಯವರ ವಾಕ್ಸಿದ್ಧಿಯ ಬಗ್ಗೆ ಯಾರಿಗೂ ಸಂಶಯ ಉಳಿಯಲಿಲ್ಲ.

ಶನಿವಾರ ಸಂಜೆ ಮನೆಗೆ ಇಬ್ಬರು ಬಂದರು. ಐರಣಿಯ ಆಚೆ, ಹೊಳೆ ದಂಡೆಯ ಒಂದು ಸಣ್ಣ ಹಳ್ಳಿಯ ಹಿರಿಯ ಮೈಲಾರಪ್ಪ, ಮತ್ತು ಅಲ್ಲಿನ ಮಠದ ಅಂಗಳ ಗುಡಿಸುವ ಮುದುಕಿ ಉಚ್ಚಂಗೆವ್ವ. ಆ ಮಠದ ಅಜ್ಜಾರು, ಅಂದರೆ ಸ್ವಾಮಿಗಳು, ತೀರಿಕೊಂಡು ಮೂರು ವರ್ಷ ಆಗಿತ್ತು. ಅಷ್ಟು ಸಣ್ಣ ಊರಿಗೆ ಬರಲು ಯಾವ ಸ್ವಾಮಿಗಳೂ ಒಪ್ಪಿರಲಿಲ್ಲ. ಇತ್ತ ರುದ್ರಮುನಿಯವರು ಒಂದು ಸಣ್ಣ ಮನೆ ಇದ್ದರೆ ಹೇಳಿರೆಂದು ಬಸ್ಸಿನಲ್ಲಿ ಕಂಡವರಿಗೆಲ್ಲ ಹೇಳಿಟ್ಟಿದ್ದರು. ಹಾಗಾಗಿ ಮನೆ ತೋರಿಸುವವರೇ ಬಂದರೆಂದು ಖುಷಿಪಟ್ಟು, ಇದ್ದೊಂದು ಚಾಪೆ ಹಾಸಿದರು.

"ನಮ್ಮಲ್ಲೊಂದು ಜಾಗಾ ಖಾಲಿ ಐತ್ರಿ," ಎಂದ ಮೈಲಾರಪ್ಪ ಕೈಮುಗಿದು. "ತಾವು ಬಂದು ಇರಬೇಕು."

"ಖೋಲಿ ಎಷ್ಟದಾವ್ರಿ?"

"ಒಂದ ಖೋಲಿರಿ. ಮುಂದ ಒಂದು ಕಟ್ಟಿ."

"ನನಗೂ ಅಷ್ಟ ಬೇಕಾಗಿತ್ತು. ಗಾಳಿ, ನೀರು?"

"ಎರಡೂ ಹೊಳೀದ ಐತಲ್ರಿ!"

"ಮೊದಲಿದ್ದವ್ರು ಯಾಕ ಬಿಟ್ರು?"

ಉಚ್ಚಂಗೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅವ್ರು ಬಿಡಲಿಲ್ಲೋ ಯಪ್ಪಾ. ಕಡೀ ಉಸುರಿನ ತನಕಾ ಅಲ್ಲೇ ಇದ್ರು."

ಇಂಥ ಮನೆ ಸಿಗಬೇಕಲ್ಲ ಎಂದು ರುದ್ರಮುನಿಯವರ ಮನಸ್ಸು ತುಂಬಿಬಂತು. "ಬಾಡಿಗಿ ಹೆಂಗ್ರಿ ಮತ್ತ?"

"ಶಿವ ಶಿವಾ! ನಿಮ್ಮ ಕಡೆ ಬಾಡಿಗಿ ತಗೊಂಡ್ರ ಊರಿಗೆ ಮಳಿ ಆಕ್ಕೈತೇನ್ರಿ? ಮ್ಯಾಲೆ, ದಿನಾ ಒಂದೊಂದು ಮನಿಯಿಂದ ಊಟ ಬರ್ತೈತಿ."

ರುದ್ರಮುನಿಯವರು ಜೀವನದಲ್ಲಿ ಕಂಡಿದ್ದು ಒಬ್ಬನೇ ಮನೆ ಮಾಲೀಕನನ್ನು. ಆತ ಗೋಡೆಗೆ ಮೊಳೆ ಹೊಡೆದರೂ ಓಡಿ ಬರುತ್ತಿದ್ದ. "ಹಾವೇರಿಗೆ ಬಸ್ಸು ಅದಾವೇನ್ರಿ?"

"ನೀವ್ಯಾಕ ಹಾವೇರಿಗೆ ಹೋಗ್ತೀರಿ? ಹಾವೇರೀನ ನಿಮ್ಮ ಕಡೆ ಬರ್ತೈತಿ!"

ಇದು ರುದ್ರಮುನಿಯವರಿಗೆ ಪೂರ್ತಿ ತಿಳಿಯಲಿಲ್ಲ. ಹಳ್ಳಿಯವರ ಮಾತಿನ ಧಾಟಿ ಇರಬೇಕೆಂದು ಬಿಟ್ಟರು. "ಒಂದು ಮಾತು. ನಮ್ಮ ಮನಿಯಾಕಿ ಒಪ್ಪಬೇಕು."

"ಒಪ್ಪಲೇಬೇಕ್ರಿ. ಶಾಸ್ತ್ರದಾಗ ಹಂಗ ಐತಿ."

"ಶಾಸ್ತ್ರದ್ದು ಗೊತ್ತಿಲ್ರಿ, ನಮ್ಮ ಮನ್ಯಾಗಂತೂ ಹಂಗ ಐತಿ," ಎಂದರು ರುದ್ರಮುನಿಯವರು. ಸೋಮವಾರ ಮುಂಜಾನೆ ಊರವರೇ ಬಂದು ಕರೆದೊಯ್ಯುವುದೆಂದು ಮಾತಾಯಿತು. ಹೊಸ ಮನೆ ತೋರಿಸಿಯೇ ಪ್ರೇಮವ್ವನನ್ನು ಒಪ್ಪಿಸಿದರಾಯಿತೆಂದು ರುದ್ರಮುನಿಯವರು ಅಂದುಕೊಂಡರು.

ಕೊನೆಗೆ ಕೊಡುವುದಕ್ಕೆ ಉಳಿದದ್ದು ಒಂದು ಟೇಬಲ್ಲು, ಒಂದು ದೊಡ್ಡ ಕೊಳಗ. ರವಿವಾರ ಯೂಸುಫಸಾಬ ಎಂಬ ಚಹಾದವ ಬಂದು ಎರಡನ್ನೂ ಒಯ್ದ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಬಾಜುವಿಗೆ ಅವನ ಚಹಾದ ಅಂಗಡಿ. ಟೇಬಲ್ಲಿನ ಖಾನೆಯಲ್ಲಿ ತಮ್ಮ ಮೊಬೈಲು ಇಟ್ಟದ್ದು ರುದ್ರಮುನಿಯವರಿಗೆ ನೆನಪಾಗಲಿಲ್ಲ.

ಮುಂದೆ ಬ್ಯಾಡಗಿಯಲ್ಲಿ ನಡೆದದ್ದು ಅವರಿಗೆ ಆಮೇಲೆ ತಿಳಿಯಿತು. ಸೋಮವಾರ ಮೆಣಸಿನಕಾಯಿ ಪೇಟೆಯ ದಿನ. ಊರೆಲ್ಲ ಘಾಟು, ಎಲ್ಲರೂ ಸೀನುತ್ತಲೇ ವ್ಯಾಪಾರ ಮಾಡುತ್ತಿದ್ದರು. ದಲಾಲಿ ಅಂಗಡಿಯ ಅಜ್ಜಪ್ಪ, ಅಂದರೆ ಪ್ರೇಮವ್ವನ ತಮ್ಮ, ಯೂಸುಫಸಾಬನ ಅಂಗಡಿಗೆ ಚಹಾಕ್ಕೆ ಬಂದ. ಒಲೆಯ ಮೇಲೆ ಕುದಿಯುತ್ತಿದ್ದ ಕೊಳಗದ ಮೇಲೆ ತನ್ನದೇ ಹೆಸರು ಕಂಡಿತು: 'ಅಜ್ಜಪ್ಪ ಮತ್ತು ಬಂಧುಗಳು, ಬ್ಯಾಡಗಿ'.

"ಯೂಸುಫಾ, ನನ್ನ ಹೆಸರಿನ್ಯಾಗ ಚಹಾ ಯಾಕ ಕುದಸಾಕತ್ತೀ?"

"ರಾಣೆಬೆನ್ನೂರಿನ ಅಜ್ಜಾರು ಕೊಟ್ಟಾರ್ರಿ ಸಾವ್ಕಾರ. ಸಂಸಾರ ಬಿಟ್ಟು ಇವತ್ತ ಮಠಕ್ಕ ಹೊಂಟಾರ."

"ಯಾವ ಅಜ್ಜಾರು?"

ಅಷ್ಟರಲ್ಲಿ ಟೇಬಲ್ಲು ರಿಂಗಾಯಿತು. ಗಿರಾಕಿಗಳು ಹೌಹಾರಿ ಎದ್ದು ನಿಂತರು. ಅಜ್ಜಪ್ಪ ಖಾನೆ ಎಳೆದು ಮೊಬೈಲು ಕಿವಿಗೆ ಹಿಡಿದ.

"ರೀ, ನಾಷ್ಟಾ ಆತೇನ್ರಿ?" ಅತ್ತ ಕಡೆಯಿಂದ, ಅವನದೇ ಮನೆಯಿಂದ, ಅಕ್ಕನ ದನಿ.

"ಯಕ್ಕಾ, ನಾ ಅಜ್ಜಪ್ಪ," ಎಂದು ಅವನು ಅಲ್ಲಿಯೇ ಬಾಕಿನ ಮೇಲೆ ಕುಸಿದ.

ಇತ್ತ ರುದ್ರಮುನಿಯವರ ಬಾಗಿಲಿಗೆ ಮುಂಜಾನೆಯೇ ಒಂದು ಟ್ರ್ಯಾಕ್ಟರ್ ಬಂದು ನಿಂತಿತ್ತು. ಬಾಳೆಕಂಬ ಕಟ್ಟಿ, ಚೆಂಡು ಹೂ ಸುತ್ತಿದ್ದರು. ಮುಂದೆ ಡೊಳ್ಳು, ಹಿಂದೆ ಭಜನೆ. ಮನೆ ಸಾಮಾನು ಒಯ್ಯಲು ಗಾಡಿ ಕಳಿಸಿದರಲ್ಲ, ಎಂಥ ಜನ ಎಂದು ರುದ್ರಮುನಿಯವರ ಕಣ್ಣು ಒದ್ದೆಯಾಯಿತು. ಉಚ್ಚಂಗೆವ್ವ ಪಾದಕ್ಕೆ ನೀರು ಹಾಕಿದಳು. ಸುಲಭಾಬಾಯಿ ಆರತಿ ತಂದಳು. ಋಷಿಕೇಶ ಸಾಹೇಬರು ಹಾರ ಹಿಡಿದು ಹಾವೇರಿಯಿಂದ ಬಂದಿದ್ದರು. ಓಣಿ ಕಿಕ್ಕಿರಿದಿತ್ತು.

"ಒಂದು ಮನಿ ಬಿಡೂದಕ್ಕ ಇಷ್ಟೆಲ್ಲಾ ಯಾಕ್ರಿ?" ಎಂದು ರುದ್ರಮುನಿಯವರು ನಾಚಿಕೊಂಡರು.

"ನೋಡ್ರಿ ವಿನಯಾ!" ಎಂದು ಮೈಲಾರಪ್ಪ ಜನಕ್ಕೆ ತೋರಿಸಿದ.

ಆಗ ಬ್ಯಾಡಗಿಯ ಟೆಂಪೋ ಬಂತು. ಅಜ್ಜಪ್ಪ ಗಾಡಿ ನಿಲ್ಲುವ ಮೊದಲೇ ಜಿಗಿದ. ಅಂಗಿಯ ತುಂಬ ಮೆಣಸಿನಕಾಯಿ ಪುಡಿ ಇದ್ದುದರಿಂದ ಅವನು ಬಂದ ಕಡೆಯಲ್ಲೆಲ್ಲ ಜನ ಸೀನಿ ದಾರಿ ಬಿಟ್ಟರು.

"ಮಾವಾರ! ನಮ್ಮ ಅಕ್ಕ ಏನ್ ಕಮ್ಮಿ ಮಾಡಿದ್ಲು ನಿಮಗ? ಹೇಳ್ರಿ, ಏನ್ ಕಮ್ಮಿ ಮಾಡಿದ್ಲು?"

"ಆಕಿ ಏನೂ ಕಮ್ಮಿ ಮಾಡಿಲ್ಲಪಾ. ಅದಕ್ಕ ನಾ ಕಮ್ಮಿ ಮಾಡಬೇಕಾತು," ಎಂದರು ರುದ್ರಮುನಿಯವರು. ಅಟ್ಟದ ಮಾತು ಅವರ ತಲೆಯಲ್ಲಿತ್ತು.

ಪ್ರೇಮವ್ವ ಯಾರನ್ನೂ ನೋಡದೆ ಒಳಗೆ ಹೋದಳು. ಏಳು ಖೋಲಿಗಳಲ್ಲಿ ಅವಳ ಹೆಜ್ಜೆ ಒಂದೊಂದಾಗಿ ಕೇಳಿಸಿತು. ಖಾಲಿ ಗೋಡೆಗಳು ಆ ಸದ್ದನ್ನು ತಿರುಗಿ ಹೇಳುತ್ತಿದ್ದವು. ಡೊಳ್ಳು ತಾನಾಗಿ ನಿಂತಿತು. ಅವಳು ಹೊರಗೆ ಬಂದಾಗ ಕಣ್ಣು ಕೆಂಪಾಗಿತ್ತು, ಆದರೆ ದನಿ ಗಟ್ಟಿಯಾಗಿತ್ತು. ಟೆಂಪೋದಿಂದ ಒಂದು ಗಂಟು ಇಳಿಸಿದಳು. ಅಜ್ಜಪ್ಪ ಗಾಡಿ ಹುಡುಕಲು ಹೋದ ಅರ್ಧ ತಾಸಿನಲ್ಲಿ ಕಟ್ಟಿದ್ದ ಗಂಟು ಅದು. ನೇರ ಉಚ್ಚಂಗೆವ್ವನ ಹತ್ತಿರ ಹೋಗಿ ಅದನ್ನು ಬಿಚ್ಚಿದಳು.

"ಯವ್ವಾ, ಇದು ಕೌದಿ. ಹೊಳಿ ದಂಡಿ ಅಂತೀರಿ, ಥಂಡಿ ಅವ್ರಿಗೆ ತಡಿಯೂದಿಲ್ಲ. ಇವು ಬಿಪಿ ಗುಳಗಿ, ಮುಂಜಾನೆ ಒಂದು. ನುಂಗೀನಿ ಅಂತಾರ, ನುಂಗಿರೂದಿಲ್ಲ, ಎದುರಿಗೆ ನಿಂತು ನುಂಗಿಸ್ರಿ. ಬದನಿಕಾಯಿ ಹಾಕಬ್ಯಾಡ್ರಿ, ಮೈ ಕೆರೀತಾರ. ಶೇಂಗಾ ಹಿಂಡಿ ಇಟ್ಟೇನಿ, ಅದಿಲ್ದ ಅವ್ರಿಗೆ ರೊಟ್ಟಿ ಇಳಿಯೂದಿಲ್ಲ. ಸಿಟ್ಟು ಬಂದ್ರ ಮಾತಾಡೂದಿಲ್ಲ, ಎರಡು ದಿನ ಬಿಟ್ರ ತಾವ ಸರಿ ಹೋಗ್ತಾರ." ಆಮೇಲೆ ಗಂಡನ ಕಡೆ ತಿರುಗಿದಳು. "ಹೋಗ್ರಿ. ನಾ ಅಡ್ಡ ಬರೂದಿಲ್ಲ. ಒಂದು ಮಾತು ಹೇಳಿ ಹೋಗಿದ್ರ ಸಾಕಾಗಿತ್ತು."

ಓಣಿಯ ಹೆಂಗಸರೆಲ್ಲ ಒಟ್ಟಿಗೆ ಅತ್ತರು. ಋಷಿಕೇಶ ಸಾಹೇಬರು ಹಾರದಿಂದಲೇ ಕಣ್ಣೊರೆಸಿಕೊಂಡರು. ರುದ್ರಮುನಿಯವರು ಮಾತ್ರ ಬಾಯಿ ತೆರೆದು ನಿಂತಿದ್ದರು. ನೂರು ವಸ್ತು ಎಣಿಸಿ ಉಳಿಸಿಕೊಳ್ಳಲು ಒಂದು ವಾರ ಹೆಣಗಿದವರು ಅವರು. ಅವರಿಗೆ ಬೇಕಾದ್ದೇನೆಂದು ಇವಳು ಅರ್ಧ ತಾಸಿನಲ್ಲಿ ಒಂದು ಗಂಟಿನೊಳಗೆ ಕಟ್ಟಿ ತಂದಿದ್ದಳು.

"ಎಲ್ಲಿಗೆ ಹೋಗಲೇ?" ಎಂದರು.

"ಮಠಕ್ಕ."

"ಯಾವ ಮಠ?"

"ನೀವು ಅಜ್ಜಾರು ಆಗಾಕ ಹೊಂಟಿದ್ದು ಯಾವ ಮಠಕ್ಕೋ ಅದಕ್ಕ!"

"ನಾ ಯಾಕ ಅಜ್ಜಾರು ಆಗಲಿ? ನಾ ಬಾಡಿಗಿ ಮನಿ ಬಿಡ್ತೀನಿ ಅಂದೆ! ಒಂದು ಸಣ್ಣ ಮನಿಗೆ, ನಿನ್ನ ಕರಕೊಂಡು!"

ಓಣಿಯಲ್ಲಿ ಎಷ್ಟು ನಿಶ್ಶಬ್ದವಾಯಿತೆಂದರೆ ಅಜ್ಜಪ್ಪನ ಅಂಗಿಯ ಘಾಟಿಗೆ ಒಬ್ಬರು ಸೀನಿದ್ದು ಎಲ್ಲರಿಗೂ ಕೇಳಿಸಿತು. ಎಲ್ಲರೂ ಸುಲಭಾಬಾಯಿಯನ್ನು ನೋಡಿದರು. ಸುಲಭಾಬಾಯಿ ಆರತಿ ತಟ್ಟೆಯನ್ನು ನೋಡಿದಳು. ಮೈಲಾರಪ್ಪ ಮೆಲ್ಲಗೆ ಟ್ರ್ಯಾಕ್ಟರಿನ ಗಾಲಿಗೆ ಒರಗಿದ.

ಮೊದಲು ನಕ್ಕವಳು ಪ್ರೇಮವ್ವ. ಸೆರಗು ಬಾಯಿಗೊತ್ತಿಕೊಂಡರೂ ತಡೆಯಲಾಗಲಿಲ್ಲ. ಗಡ್ಡ, ವಿಭೂತಿ, ಬುಗುಟೆ ಎಲ್ಲವನ್ನೂ ಒಂದೊಂದಾಗಿ ನೋಡುತ್ತ, ಅಳುತ್ತಲೇ ನಕ್ಕಳು. ಅವಳನ್ನು ನೋಡಿ ಓಣಿ ನಕ್ಕಿತು. ರುದ್ರಮುನಿಯವರು ನಗಲಿಲ್ಲ. ನೇರ ಮೈಲಾರಪ್ಪನ ಹತ್ತಿರ ಹೋಗಿ ಕೈಮುಗಿದರು.

"ತಪ್ಪು ನಂದು ಹಿರ್ಯಾರ. ಸರಿಯಾಗಿ ಕೇಳದ ಒಪ್ಪಿಕೊಂಡೆ. ನೀವು ಇಷ್ಟು ಪ್ರೀತಿಯಿಂದ ಬಂದೀರಿ."

"ಅದಿರಲಿ ಬಿಡ್ರಿ," ಎಂದ ಮೈಲಾರಪ್ಪ ಸಣ್ಣ ದನಿಯಲ್ಲಿ. "ಆದ್ರ ಊರಾಗ ನಾಕು ಕೊಪ್ಪರಿಗಿ ಗೋಧಿ ಹುಗ್ಗಿ ಆಗೇತ್ರಿ. ಅದನ್ನ ಯಾರು ಉಣ್ಣಾವ್ರು?"

ಈ ಪ್ರಶ್ನೆಗೆ ಉತ್ತರ ಕೊಡಲು ಓಣಿಯವರಿಗೆ ಸ್ವಲ್ಪವೂ ತಡವಾಗಲಿಲ್ಲ. ಹೊರಡುವ ಮೊದಲು ಸುಲಭಾಬಾಯಿ ಮನೆಗೆ ಓಡಿ ಹತ್ತೊಂಬತ್ತು ಡಬ್ಬಿಗಳನ್ನು ಹೊತ್ತು ತಂದಳು. ಅವಳ ಹಿಂದೆ ಕುರ್ಚಿ ಒಯ್ದವರು ಕುರ್ಚಿ ತಂದರು, ಗಾದಿ ಒಯ್ದವರು ಗಾದಿ ತಂದರು. ಪ್ರೇಮವ್ವ ಬಾಗಿಲಿಗೆ ಅಡ್ಡ ನಿಂತಳು.

"ಒಂದೂ ಒಳಗ ತರಬ್ಯಾಡ್ರಿ! ಇಪ್ಪತ್ತಾರು ವರ್ಷ ಇವನ್ನ ತಿಕ್ಕಿದ್ದು ನಾನು. ಹೋದ್ವಲ್ಲ ಅಂತ ಒಳಗ ನಿಂತು ದೇವರಿಗೆ ಕೈಮುಗದು ಬಂದೇನಿ. ತಮ್ಮಾ, ಸಿಟ್ಟಾಗಬ್ಯಾಡ. ನಿನ್ನ ಕೊಳಗ ಈಗ ದಿನಕ್ಕ ನೂರು ಮಂದಿಗೆ ಚಹಾ ಕೊಡಾಕತ್ತೈತಿ. ನಮ್ಮ ಅಟ್ಟದ ಮ್ಯಾಲೆ ಇದ್ದಾಗ ಬರೇ ಜೇಡರ ಬಲಿ ಹಿಡಕೊಂಡು ಕುಂತಿತ್ತು."

ಅಜ್ಜಪ್ಪನಿಗೆ ಈ ಮಾತು ಬಿರುದು ಕೊಟ್ಟಂತಾಯಿತು. ಊರಿಗೆಲ್ಲ ತನ್ನ ಹೆಸರಿನಲ್ಲಿ ಚಹಾ! ಅವನು ಎದೆ ಉಬ್ಬಿಸಿ ಟ್ರ್ಯಾಕ್ಟರ್ ಹತ್ತಿದ.

ಹೊಳೆ ದಂಡೆಯಲ್ಲಿ ಮಧ್ಯಾಹ್ನ ದೊಡ್ಡ ಪಂಕ್ತಿಯಾಯಿತು. ಸ್ವಾಮಿಗಳು ಬಾರದಿದ್ದರೂ ಮೂರು ವರ್ಷದಿಂದ ಭಣಗುಡುತ್ತಿದ್ದ ಮಠದ ಅಂಗಳದಲ್ಲಿ ಅಷ್ಟು ಜನ ಕೂತದ್ದು ಕಂಡು ಉಚ್ಚಂಗೆವ್ವನ ಕಾಲು ನೆಲಕ್ಕೆ ನಿಲ್ಲಲಿಲ್ಲ. ಊಟವಾದ ಮೇಲೆ ಜನ ಬಿಡದೆ ರುದ್ರಮುನಿಯವರನ್ನು ಮಾತಾಡಿರೆಂದು ಎಬ್ಬಿಸಿದರು. ಅವರು ಎದ್ದು ನಿಂತರು. ಕೆಮ್ಮಿದರು. ಕಡತಗಳ ಜೊತೆ ಬದುಕಿದವರಿಗೆ ಜನರ ಮುಂದೆ ಮಾತು ಎಲ್ಲಿಂದ ಬರಬೇಕು?

"ನಾ ದೊಡ್ಡ ಮಾತು ಆಡಾಂವ ಅಲ್ರಿ. ಒಂದು ವಾರ ಮನಿ ತುಂಬ ಹುಡುಕಿ, ನನಗ ಏನು ಬ್ಯಾಡ ಅಂತ ಪಟ್ಟಿ ಮಾಡಿದೆ. ನನಗ ಯಾರ್ಯಾರು ಅದಾರ ಅಂತ ನೋಡಿರಲಿಲ್ಲ. ಅದನ್ನ ಇವತ್ತು ನೀವೆಲ್ಲಾ ತೋರಿಸಿದ್ರಿ. ನಿಮ್ಮ ಉಪಕಾರ ತೀರಸಾಕ ಆಗೂದಿಲ್ಲ. ಹುಗ್ಗಿ ಬಾಳ ಚಲೋ ಆಗೇತಿ." ಇಷ್ಟು ಹೇಳಿ ಕೂತುಬಿಟ್ಟರು. ಇಷ್ಟು ಸಣ್ಣ ಆಶೀರ್ವಚನ ತಾನು ಕೇಳಿಯೇ ಇಲ್ಲವೆಂದು ಮೈಲಾರಪ್ಪ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದ.

ಧಾರವಾಡಕ್ಕೆ ಹೊರಟಿದ್ದ ಋಷಿಕೇಶ ಸಾಹೇಬರು ಅಲ್ಲಿಯೇ ಕೈ ತೊಳೆಯುತ್ತ, "ಹಾವೇರಿಯೊಳಗ ನನ್ನ ಮನಿ ಖಾಲಿ ಆಗ್ತದ ನೋಡ್ರಿ. ಎರಡ ಖೋಲಿ. ಆಫೀಸಿಗೆ ನಡಕೋತ ಹೋಗಬಹುದು," ಎಂದರು. ಈ ಸಲ ರುದ್ರಮುನಿಯವರು ಪ್ರತಿಯೊಂದನ್ನೂ ಎರಡೆರಡು ಸಲ ಕೇಳಿದರು. ಅದು ಮನೆಯೇ ಹೌದೋ? ಹೌದು. ಬಾಡಿಗೆ ಇದೆಯೋ? ಇದೆ. ಊರವರು ಊಟ ಕಳಿಸುವುದಿಲ್ಲವಷ್ಟೆ? ಇಲ್ಲ. ಆಮೇಲೆ ಪ್ರೇಮವ್ವನ ಕಡೆ ನೋಡಿದರು. ಅವಳು ತಲೆ ಆಡಿಸಿದಳು.

ಫೆಬ್ರುವರಿ ಮೊದಲ ವಾರ ಅವರು ಹಾವೇರಿಗೆ ಬಂದರು. ಎಲ್ಲ ಸಾಮಾನು ಒಂದು ಆಟೋದಲ್ಲಿ ಹಿಡಿಸಿತು. ಮೊದಲ ದಿನ ಸಂಜೆ ರುದ್ರಮುನಿಯವರು ಕಚೇರಿಯಿಂದ ಐದೇ ನಿಮಿಷಕ್ಕೆ ಮನೆಗೆ ಬಂದು, ಇಷ್ಟು ಬೇಗ ಬಂದು ಮಾಡುವುದೇನೆಂದು ತಿಳಿಯದೆ, ಒಲೆಯ ಹತ್ತಿರವೇ ಕೂತರು. ಬೇರೆ ಕೂರಲು ಜಾಗವೂ ಇರಲಿಲ್ಲ. ಹಳೆಯ ಮನೆಯಲ್ಲಿ ಅಡಿಗೆ ಖೋಲಿಯಿಂದ ಪಡಸಾಲೆಗೆ ಮೂರು ಬಾಗಿಲು ದಾಟಬೇಕಿತ್ತು. ಪ್ರೇಮವ್ವ ರೊಟ್ಟಿ ತಂದು ನೀಡಿ ಮತ್ತೆ ಮರೆಯಾಗುತ್ತಿದ್ದಳು. ಇಲ್ಲಿ ಹಂಚಿನಿಂದ ಎತ್ತಿದ ರೊಟ್ಟಿ ಕೈ ಚಾಚಿದರೆ ತಾಟಿಗೆ ಬರುತ್ತಿತ್ತು. ಉಬ್ಬಿದ ರೊಟ್ಟಿಯನ್ನು ಮುರಿದಾಗ ಒಳಗಿಂದ ಆವಿ ಬಂತು. ರುದ್ರಮುನಿಯವರು ಬೆರಳು ಸುಟ್ಟುಕೊಂಡು ಊದಿಕೊಂಡರು.

"ಇಷ್ಟು ಬಿಸಿ ರೊಟ್ಟಿ ನೀ ಎಂದೂ ಮಾಡಿರಲಿಲ್ಲ ನೋಡು."

"ದಿನಾ ಇಷ್ಟ ಬಿಸಿ ಮಾಡತಿದ್ದೆ," ಎಂದಳು ಪ್ರೇಮವ್ವ. "ನಿಮ್ಮ ತನಕಾ ಬರೂದರಾಗ ಆರತಿತ್ತು."

ಅವಳು ತನ್ನ ತಾಟನ್ನೂ ಹಚ್ಚಿಕೊಂಡು ಎದುರಿಗೇ ಕೂತಳು. ಗಂಡ ಹೆಂಡತಿ ಹೀಗೆ ಎದುರಾ ಬದುರು ಕೂತು ಉಂಡದ್ದು ಯಾವಾಗ ಎಂದು ರುದ್ರಮುನಿಯವರು ನೆನಪಿನ ಕಡತಗಳನ್ನೆಲ್ಲ ತಡಕಿದರು. ಮದುವೆಯ ದಿನದ್ದೊಂದು ಸಿಕ್ಕಿತು, ಆಮೇಲೆ ಏನೂ ಸಿಗಲಿಲ್ಲ. ಸಂತೋಷ ಹೆಚ್ಚಾದಾಗ ಅವರಿಗೆ ಯಾವಾಗಲೂ ಒಂದು ವಿಚಾರ ಹೊಳೆಯುತ್ತದೆ.

"ಅಲ್ಲ ಪ್ರೇಮಾ, ಎರಡು ಖೋಲಿನೂ ನಮಗ ಜಾಸ್ತೀನ ಅನಸ್ತೈತಿ. ಒಂದ ಖೋಲಿದು ಎಲ್ಲಾದ್ರೂ ಸಿಕ್ರ..."

ಪ್ರೇಮವ್ವ ಇನ್ನೊಂದು ಬಿಸಿ ರೊಟ್ಟಿಯನ್ನು ಅವರ ತಾಟಿಗೆ ಹಾಕಿದಳು.

"ಬಾಯಿ ಮುಚ್ಚಿಕೊಂಡು ಉಣ್ರಿ, ಅಜ್ಜಾರ."